‘ಸ್ಟೋರ್‌ಫ್ರಂಟ್’ಗೆ ‘ಮುಂಗಟ್ಟು’ ಸಾಕಾ?

ಗೆಳೆಯರೇ,

ಅಮೆರಿಕದ ಸಣ್ಣ ಊರುಗಳ ಮೇನ್ ಸ್ಟ್ರೀಟ್, ಅಂದರೆ ಮುಖ್ಯ ಅಂಗಡಿಬೀದಿಯ, ಕಟ್ಟಡಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನವು 19ನೇ ಶತಮಾನದ ಕೊನೆಯವು. ಎರಡು-ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡಗಳು, ಕೆಳಗೆ ಅಂಗಡಿ, ಮೇಲೆ ಕಚೇರಿಯೋ ಮನೆಯೋ. ‘ಡೌನ್‌ಟೌನ್’ಗೆ ‘ಪೇಟೆ’ ಅಂತ ಬರೆದು ಮುಂದೆ ಹೋದೆ. ತೊಡಕಿರುವುದು ‘ಫಸಾಡ್’ ಮತ್ತು ‘ಸ್ಟೋರ್‌ಫ್ರಂಟ್’ ಜೋಡಿಯಲ್ಲಿ.

ಎರಡಕ್ಕೂ ‘ಮುಂಭಾಗ’ ಅಂದರೆ ವಿಷಯವೇ ಕಲಸಿಹೋಗುತ್ತದೆ. ಫಸಾಡ್ ಅಂದರೆ ಬೀದಿಗೆ ಕಾಣುವ ಇಡೀ ಗೋಡೆ. ಸ್ಟೋರ್‌ಫ್ರಂಟ್ ಅದರ ಕೆಳಗಿನ ಅಂಗಡಿ ಪಾಲು ಮಾತ್ರ. ಮೊಣಕಾಲೆತ್ತರಕ್ಕೆ ಮರದ ಹಲಗೆ, ಅದರ ಮೇಲೆ ದೊಡ್ಡ ಗಾಜು, ನಡುವೆ ಒಳಕ್ಕೆ ಸರಿದ ಬಾಗಿಲು, ಗಾಜಿನ ನೆತ್ತಿಗೆ ಬೆಳಕಿಗೆಂದು ಇನ್ನೊಂದು ಸಾಲು ಕಿಟಕಿ. ಮೇಲಿನ ಗೋಡೆಯ ಭಾರವನ್ನು ಎರಕದ ಕಬ್ಬಿಣದ ತೆಳು ಕಂಬಗಳು ಹೊರುತ್ತಿದ್ದವು, ಅದಕ್ಕೇ ಅಷ್ಟಗಲದ ಗಾಜು ಕೂರಿಸಲು ಆಯಿತು. 1890ರ ದಶಕದ ಕೊನೆಗೆ ಷಿಕಾಗೋದ ಲಕ್ಸ್‌ಫರ್ ಕಂಪನಿಯ ಪಟ್ಟಕದ ಗಾಜುಗಳೂ ಬಂದವು. ಮೇಲಿನ ಕಿಟಕಿ ಸಾಲಿನಲ್ಲಿ ಕೂರಿಸಿದರೆ ಬೆಳಕು ಬಾಗಿ ಅಂಗಡಿಯ ಹಿಂದಿನ ಮೂಲೆಯತ್ತ ಹೋಗುತ್ತಿತ್ತು. ಅವುಗಳಿಗೆ ಚಿತ್ತಾರ ಬರೆದುಕೊಟ್ಟವರು ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್!

ಫ್ಯಾಷನ್ ಬದಲಾದಂತೆ ಕಿತ್ತು ಹೊಸದು ಹಾಕುವುದು ಈ ಪಾಲನ್ನೇ. 1930ರ ದಶಕದಲ್ಲಿ ಮಿರಮಿರ ಮಿಂಚುವ ಬಣ್ಣದ ಗಾಜಿನ ಫಲಕ, ಆಮೇಲೆ ಅಲ್ಯೂಮಿನಿಯಂ. ಮೇಲಿನ ಇಟ್ಟಿಗೆ ಗೋಡೆ ಎಷ್ಟೋ ಕಡೆ ಹಾಗೇ ಉಳಿದಿದೆ. ಹಾಗಾಗಿ ಸ್ಟೋರ್‌ಫ್ರಂಟ್‌ಗೆ ‘ಮುಂಗಟ್ಟು’, ಫಸಾಡ್‌ಗೆ ‘ಮುಂಗೋಡೆ’ ಅಂತಿಟ್ಟು ‘ಮುಂಗಟ್ಟು ಬದಲಾಯಿತು, ಮುಂಗೋಡೆ ಉಳಿಯಿತು’ ಎಂದು ಬರೆಯುವ ಆಸೆ ನನಗೆ. ಆದರೆ ‘ಅಂಗಡಿ ಮುಂಗಟ್ಟು’ ಅಂತ ಜೋಡಿಯಾಗಿ ಹೇಳಿದಾಗ ನಮಗೆ ಹೊಳೆಯುವುದು ಸುಮ್ನೆ ‘ಅಂಗಡಿಗಳು’ ಅಂತ ಅಲ್ವಾ? ಒಂಟಿಯಾಗಿ ‘ಮುಂಗಟ್ಟು’ ಅಂದರೆ ಓದುಗರಿಗೆ ಗಾಜು-ಬಾಗಿಲು ಕಾಣುತ್ತದೆಯೇ?

ಇನ್ನೊಂದು, ‘ಕಾರ್ನಿಸ್’. ಗೋಡೆಯ ತುದಿಯಲ್ಲಿ ಮುಂದಕ್ಕೆ ಚಾಚಿದ ಅಲಂಕಾರದ ಪಟ್ಟಿ. ದೇಗುಲದ ಬರಹಗಳಲ್ಲಿ ‘ಕಪೋತ’ ಇದೆ. ಆದರೆ ಇಲ್ಲಿಯದು ಎಷ್ಟೋ ಸಲ ತಗಡಿನದು. ಸೇಂಟ್ ಲೂಯಿಸ್‌ನ ಮೆಸ್ಕರ್ ಬ್ರದರ್ಸ್‌ನಂಥ ಕಂಪನಿಗಳು ಕ್ಯಾಟಲಾಗ್ ಕಳಿಸಿ, ಆರ್ಡರ್ ಪಡೆದು, ರೈಲಿನಲ್ಲಿ ಸಾಗಿಸುತ್ತಿದ್ದವು. ರೈಲಿನಲ್ಲಿ ಬಂದಿಳಿದ ತಗಡಿಗೆ ಕಪೋತ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ‘ಸಜ್ಜ’ ಅನ್ನೋಣ ಅಂದರೆ ಅದು ಬಿಸಿಲು-ಮಳೆ ತಡೆಯುವುದಕ್ಕೆ. ಸದ್ಯಕ್ಕೆ ‘ಕಾರ್ನಿಸ್’ ಅಂತಲೇ ಇಟ್ಟಿದ್ದೇನೆ.

ಪಶ್ಚಿಮದ ಗಣಿ ಊರುಗಳ ‘ಫಾಲ್ಸ್ ಫ್ರಂಟ್’ಗೆ ಮಾತ್ರ ‘ಹುಸಿಗೋಡೆ’ ಚೆನ್ನಾಗಿ ಕೂತಿತು. ಹಿಂದೆ ಒಂದೇ ಅಂತಸ್ತಿನ ಇಳಿಜಾರು ಮಾಡು, ಎದುರಿಗೆ ಎರಡಂತಸ್ತಿನ ಠೀವಿಯ ಮರದ ಗೋಡೆ. ‘ಸುಳ್ಳು ಗೋಡೆ’ಗಿಂತ ಇದೇ ವಾಸಿ.

ಮೊಣಕಾಲೆತ್ತರದ ಆ ಹಲಗೆಗೆ ಇನ್ನೂ ಪದ ಸಿಕ್ಕಿಲ್ಲ. ಮರಗೆಲಸದವರ ಬಾಯಲ್ಲಿ ಏನಾದರೂ ಇದೆಯೇ? ‘ಅಡಿಹಲಗೆ’ ಅಂದರೆ ನಡೆಯುತ್ತದೆಯೇ?