‘ಪಿಂಕ್ ಸ್ಲೈಮ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಆಹಾರದ ಲೇಬಲ್‌ಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ಅಮೆರಿಕದ ‘ಪಿಂಕ್ ಸ್ಲೈಮ್’ ಗಲಾಟೆ ಬರುತ್ತದೆ. ಆ ಹೆಸರಿಗೆ ಒಪ್ಪುವ ಮಾತು ಸಿಗುತ್ತಿಲ್ಲ.

ಮೊದಲು ಅದು ಏನು ಅಂತ ಹೇಳಿಬಿಡುತ್ತೇನೆ. ದನದ ಮಾಂಸ ಕತ್ತರಿಸಿದಾಗ ಕೊಬ್ಬಿಗೆ ಅಂಟಿಕೊಂಡ ಚೂರುಪಾರು ಮಾಂಸ ಉಳಿಯುತ್ತದೆ. ಅದನ್ನು ಸ್ವಲ್ಪ ಬಿಸಿ ಮಾಡಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಕೊಬ್ಬು ಬೇರೆ ಮಾಡುತ್ತಾರೆ. ಉಳಿದ ನುಣ್ಣನೆ ಮಾಂಸಕ್ಕೆ ಅಮೋನಿಯಾ ಅನಿಲ ಹಾಯಿಸುತ್ತಾರೆ, ಇ. ಕೋಲೈ, ಸಾಲ್ಮೊನೆಲ್ಲಾ ಥರದ ರೋಗಾಣು ಸಾಯಲಿ ಅಂತ. ಆಮೇಲೆ ಹೆಪ್ಪುಗಟ್ಟಿಸಿ ಕೈಮಾಗೆ ಬೆರೆಸುತ್ತಾರೆ.

ತಯಾರಿಸುತ್ತಿದ್ದ ಬೀಫ್ ಪ್ರಾಡಕ್ಟ್ಸ್ ಕಂಪನಿ ಇದನ್ನು ‘ಲೀನ್ ಫೈನ್ಲಿ ಟೆಕ್ಸ್ಚರ್ಡ್ ಬೀಫ್’ (ಕೊಬ್ಬು ಕಡಿಮೆಯ ನುಣ್ಣನೆ ದನದ ಮಾಂಸ) ಅಂತ ಕರೆಯಿತು. ‘ಪಿಂಕ್ ಸ್ಲೈಮ್’ ಅಂದವರು ಅಲ್ಲಿನ ಕೃಷಿ ಇಲಾಖೆಯಲ್ಲಿದ್ದ ಸೂಕ್ಷ್ಮಜೀವಿ ತಜ್ಞ ಜೆರಾಲ್ಡ್ ಜರ್ನ್‌ಸ್ಟೈನ್, 2002ರ ಒಂದು ಇಮೇಲ್‌ನಲ್ಲಿ. 2012ರ ಮಾರ್ಚ್‌ನಲ್ಲಿ ಅಲ್ಲಿನ ಟಿವಿ ಸುದ್ದಿ ಸಂಸ್ಥೆ ಎಬಿಸಿ ನ್ಯೂಸ್ ಮೇಲಿಂದ ಮೇಲೆ ವರದಿ ಮಾಡಿತು, ಆ ಹೆಸರು ಊರೆಲ್ಲ ಹಬ್ಬಿತು. ಕಂಪನಿಯ ನಾಲ್ಕು ಕಾರ್ಖಾನೆಗಳಲ್ಲಿ ಮೂರು ಮುಚ್ಚಿದವು. ಕಂಪನಿ ಎಬಿಸಿ ಮೇಲೆ ಹಾಕಿದ ಕೇಸು 2017ರಲ್ಲಿ ರಾಜಿಯಾಯಿತು. ರಾಜಿಯ ಬಾಬ್ತು ಎಬಿಸಿಯ ಒಡೆಯ ಡಿಸ್ನಿ ತನ್ನ ಲೆಕ್ಕದಲ್ಲಿ 17.7 ಕೋಟಿ ಡಾಲರ್ ತೋರಿಸಿತು. ಒಂದು ಅಡ್ಡಹೆಸರು ಇಷ್ಟೆಲ್ಲ ಮಾಡಿರುವಾಗ ಅದನ್ನು ಸುಮ್ನೆ ಪದಕ್ಕೆ ಪದ ಇಟ್ಟು ದಾಟಿಸಲು ನನಗೆ ಮನಸ್ಸಿಲ್ಲ.

‘ಗುಲಾಬಿ ಲೋಳೆ’ ಅಂದರೆ ಹೇಗೆ? ಇಂಗ್ಲಿಷಿನ ಹೇಸಿಗೆ ಇಲ್ಲಿ ಬರುವುದೇ ಇಲ್ಲ. ನಮಗೆ ಲೋಳೆ ಅಂದರೆ ಬೆಂಡೆಕಾಯಿ, ಲೋಳೆಸರ. ಗುಲಾಬಿ ಅಂದರೆ ಬಣ್ಣಕ್ಕಿಂತ ಮೊದಲು ಹೂವು. ಎರಡೂ ಸೇರಿದರೆ ಮುಖಕ್ಕೆ ಹಚ್ಚುವ ಲೇಪದ ಹಾಗೆ ಕೇಳಿಸುತ್ತದೆ. ‘ಸಿಂಬಳ’ ಅಂದರೆ ಹೇಸಿಗೆ ಜಾಸ್ತಿಯಾಯಿತು, ಬೈದ ಹಾಗೆಯೇ. ಹಾಗಾಗಿ ಅಡ್ಡಹೆಸರನ್ನು ‘ಪಿಂಕ್ ಸ್ಲೈಮ್’ ಅಂತಲೇ ಬಿಟ್ಟು, ವಸ್ತುವಿಗೆ ಬೇರೆ ಹೆಸರು ಕೊಡೋಣ ಅನ್ನಿಸುತ್ತದೆ. ‘ಅಮೋನಿಯಾ ಮಾಂಸ’ ಆಗದು. ಕಾರ್ಗಿಲ್ ಕಂಪನಿ ಇಂಥದ್ದನ್ನೇ ಸಿಟ್ರಿಕ್ ಆಸಿಡ್ ಹಾಕಿ ಮಾಡುತ್ತಿತ್ತು. ‘ಕೊಬ್ಬು ತೆಗೆದ ನುಣ್ಣನೆ ಮಾಂಸ’ ಅಂದರೆ ಉದ್ದವಾಯಿತು, ಆದರೆ ಯಾರ ಪರವೂ ವಾಲುವುದಿಲ್ಲ. ನನ್ನ ಓಟು ಅದಕ್ಕೇ.

ಇದಕ್ಕಿಂತ ತೊಡಕಿನದು ‘ಬೆರೆಸುವುದು’. ಕೈಮಾದಲ್ಲಿ ಇದು ಶೇಕಡಾ 15ರವರೆಗೂ ಇರುತ್ತಿತ್ತು. ಆದರೆ ಲೇಬಲ್‌ನಲ್ಲಿ ಒಂದಕ್ಷರ ಇಲ್ಲ. ಇದೂ ದನದ ಮಾಂಸವೇ, ಅಮೋನಿಯಾ ಬರೀ ತಯಾರಿಕೆಗೆ ಬಳಸಿದ್ದು ಅಂತ ನಿಯಮ ಬಿಟ್ಟುಬಿಟ್ಟಿತ್ತು. ಜನ ರೇಗಿದ್ದಕ್ಕೆ ಇದೂ ದೊಡ್ಡ ಕಾರಣ, ನನಗಂತೂ ಆ ಸಿಟ್ಟು ನ್ಯಾಯ ಅನ್ನಿಸುತ್ತದೆ. ತಿನ್ನುವವರಿಗೆ ಹೇಳಬೇಕಿತ್ತು. ಹಾಗಂತ ‘ಕಲಬೆರಕೆ’ ಅಂತ ಬರೆಯಬಹುದೇ? ಹಾಲಿಗೆ ನೀರು, ಮೆಣಸಿಗೆ ಪರಂಗಿ ಬೀಜ ಬೆರೆಸಿದರೆ ಕಲಬೆರಕೆ. ಅದು ಅಪರಾಧ. ಇಲ್ಲಿ ಕಾನೂನೇ ಒಪ್ಪಿತ್ತು. ‘ಸೇರಿಕೆ’ ಅಂದರೆ ತೀರಾ ಸಪ್ಪೆ. ನಡುವಿನ ‘ಬೆರಕೆ’ ಸಾಕೇ? ಅದರಲ್ಲೂ ಮೋಸದ ಛಾಯೆ ಇದೆಯಾ?

ಇನ್ನೊಂದು. ಕೊಬ್ಬಿನ ಜೊತೆ ಬರುವ ಆ ಅಂಚಿನ ಚೂರುಗಳಿಗೆ ನಿಮ್ಮ ಕಡೆ ಮಾಂಸದ ಅಂಗಡಿಯವರು ಏನಂತಾರೆ? ಕುರಿ, ಕೋಳಿ, ದನ ಯಾವುದಾದರೂ ಸರಿ. ಊರಿನ ಹೆಸರೂ ಜೊತೆಗೆ ಹಾಕಿ.