ಸಹಾಯ ಬೇಕು: ಪಾಚಿಯನ್ನು ನೀರಿನಿಂದ ಬೇರೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಎಂಎಸ್ಸಿ ವಿದ್ಯಾರ್ಥಿನಿ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸುವ ಕೊಳಚೆ ನೀರು) ಬರುವ ನಮ್ಮೂರ ಕೆರೆಯಿಂದ ಹಸಿರು ಪಾಚಿ ತಂದು ಬೆಳೆಸಿದ್ದೇನೆ. ಮೈಕ್ರೋಸ್ಕೋಪ್‌ನಲ್ಲಿ ನಾಲ್ಕು ನಾಲ್ಕು ಕೋಶಗಳು ಸಾಲಾಗಿ ಅಂಟಿಕೊಂಡು ಕಾಣುತ್ತವೆ, ಸೆನೆಡೆಸ್ಮಸ್ ಅನ್ನುವ ಜಾತಿಯ ಪಾಚಿ ಇರಬೇಕು. ಇದರ ಎಣ್ಣೆ ಬಯೋಡೀಸೆಲ್‌ಗೆ ಆಗುತ್ತದಾ ಅಂತ ನೋಡುವುದೇ ನನ್ನ ಪ್ರಾಜೆಕ್ಟ್.

ನೈಟ್ರೇಟ್ (ಪಾಚಿಗೆ ಸಾರಜನಕ ಕೊಡುವ ಪೋಷಕಾಂಶ) ಕಡಿಮೆ ಮಾಡಿದರೆ ಕೋಶದೊಳಗೆ ಎಣ್ಣೆ ಜಾಸ್ತಿ ಆಗುತ್ತದೆ, ಆದರೆ ಬೆಳವಣಿಗೆ ಕುಂಠಿತವಾಗುತ್ತದೆ. ಅದಕ್ಕೇ ಮೊದಲು ಚೆನ್ನಾಗಿ ಬೆಳೆಸಿ, ಆಮೇಲೆ ನೈಟ್ರೇಟ್ ಇಲ್ಲದ ನೀರಿಗೆ ಹಾಕುತ್ತಿದ್ದೇನೆ. ಅಲ್ಲಿಯವರೆಗೆ ಸರಿ. ತೊಂದರೆ ಇರುವುದು ಕೊಯ್ಲಿನಲ್ಲಿ. ಒಂದು ಲೀಟರ್‌ಗೆ ಒಂದು ಗ್ರಾಂ ಒಣ ಪಾಚಿ ಕೂಡ ಸಿಗುತ್ತಿಲ್ಲ. ಬಟ್ಟೆಯಲ್ಲಿ ಸೋಸಿದರೆ ಹಸಿರು ನೀರು ಹಾಗೇ ಇಳಿದುಹೋಗುತ್ತದೆ. ಪಟಿಕ ಹಾಕಿದರೆ ತಳಕ್ಕೆ ಕೂರುತ್ತದೆ, ಆದರೆ ಅಲ್ಯೂಮಿನಿಯಂ ಪಾಚಿಯಲ್ಲೇ ಉಳಿಯುತ್ತದೆ. ಎಣ್ಣೆ ತೆಗೆದ ಮೇಲೆ ಉಳಿದದ್ದನ್ನು ಹೊಲಕ್ಕೆ ಹಾಕಬೇಕೆಂಬ ಆಸೆ ನನಗೆ, ಹಾಗಾಗಿ ಪಟಿಕ ಬೇಡ.

ಪಾಚಿಯನ್ನು ತಳಕ್ಕೆ ಕೂರಿಸಲು ಪಟಿಕದ ಬದಲು ನುಗ್ಗೆ ಬೀಜದ ಪುಡಿ ಬಳಸಿದವರು ಯಾರಾದರೂ ಇದ್ದೀರಾ? ಲೀಟರ್‌ಗೆ ಎಷ್ಟು ಹಾಕಬೇಕು, ಪಿಎಚ್ ಎಷ್ಟಿರಬೇಕು? ಆ ಬೀಜದಲ್ಲೂ ಎಣ್ಣೆ ಇದೆ. ಅದನ್ನು ಮೊದಲೇ ತೆಗೆಯದಿದ್ದರೆ ಪಾಚಿಯಲ್ಲಿ ಎಷ್ಟು ಎಣ್ಣೆ ಇದೆ ಎಂಬ ನನ್ನ ಲೆಕ್ಕವೇ ತಪ್ಪುತ್ತದೆ ಅಲ್ವಾ? ಕೋಲಾರ, ಚಿಕ್ಕಬಳ್ಳಾಪುರ ಕಡೆ ದೊಡ್ಡ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಪಾಚಿಯನ್ನು ನೀರಿನಿಂದ ಬೇರ್ಪಡಿಸುವ ಯಂತ್ರ) ಇರುವ ಲ್ಯಾಬ್ ಗೊತ್ತಿದ್ದರೂ ದಯವಿಟ್ಟು ತಿಳಿಸಿ.