‘ಅಗ್ರೆಶನ್’ಗೆ ಕನ್ನಡದಲ್ಲಿ ಏನಂತೀರಿ? (ಅರ್ಜೆಂಟ್)

ವಿಜಯಪುರದಲ್ಲಿ ಹೈಸ್ಕೂಲ್ ಪಾಲಕರಿಗೆ ಒಂದು ಕಾರ್ಯಕ್ರಮ ಇದೆ. ಮಕ್ಕಳು ಯಾಕೆ ಹೊಡೆದಾಡುತ್ತಾರೆ ಅನ್ನುವುದು ವಿಷಯ. ಇಂಗ್ಲಿಷ್ ಹಾಳೆಯಲ್ಲಿ ‘ಅಗ್ರೆಶನ್’ ಅಂತಿದೆ. ನಿಘಂಟಿನಲ್ಲಿ ‘ಆಕ್ರಮಣಶೀಲತೆ’ ಸಿಕ್ಕಿತು, ಆದರೆ ಬ್ಯಾನರಿನ ಮೇಲೆ ಅದನ್ನು ಓದಿ ಯಾರು ಒಳಗೆ ಬರುತ್ತಾರೆ ಹೇಳಿ. ಪ್ರಿಂಟಿಂಗ್ ಅಂಗಡಿಯವರು ಸಂಜೆಯೊಳಗೆ ಕೊಡಿ ಅಂದಿದ್ದಾರೆ.

— ‘ಸಿಟ್ಟು’ ಅಂತ ಹಾಕಿ, ಮುಗೀತು. ಎಲ್ಲರಿಗೂ ತಿಳಿಯುತ್ತದೆ.

— ತಿಳಿಯುತ್ತದೆ, ತಪ್ಪು ತಿಳಿಯುತ್ತದೆ. ಸಿಟ್ಟು ಒಳಗಿನದು. ಮನಶ್ಶಾಸ್ತ್ರದವರು ಅಗ್ರೆಶನ್ ಅನ್ನುವುದು ನಡತೆಗೆ, ಅಂದರೆ ಬೇಕಂತಲೇ ಇನ್ನೊಬ್ಬರಿಗೆ ನೋವು ಮಾಡುವುದಕ್ಕೆ. ಡಬ್ಬಿ ಕಸಿಯಲು ಸಣ್ಣವನನ್ನು ತಳ್ಳುವ ಹುಡುಗನಿಗೆ ಅವನ ಮೇಲೆ ಸಿಟ್ಟೇನೂ ಇರಲ್ಲ, ಡಬ್ಬಿ ಬೇಕು ಅಷ್ಟೆ. 1939ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾಲರ್ಡ್ ಮತ್ತು ಜೊತೆಗಾರರು, ಅಂದುಕೊಂಡದ್ದು ಆಗದಿದ್ದಾಗ ಹುಟ್ಟುವ ಹತಾಶೆಯೇ ಇದರ ಬೇರು ಅಂದರು. 1961ರಲ್ಲಿ ಮನಶ್ಶಾಸ್ತ್ರಜ್ಞ ಬಂಡೂರಾ ಮಾಡಿದ ಪ್ರಯೋಗ ಬಂತು. ದೊಡ್ಡವರು ‘ಬೋಬೋ’ ಅನ್ನುವ ಗಾಳಿ ತುಂಬಿದ ಗೊಂಬೆಗೆ ಬಡಿಯುವುದನ್ನು ನೋಡಿದ ಮಕ್ಕಳು ತಾವೂ ಹಾಗೇ ಸುತ್ತಿಗೆ ತಗೊಂಡು ಬಡಿದರು. ‘ಸಿಟ್ಟು’ ಅಂದರೆ ಈ ನೋಡಿ ಕಲಿಯುವ ಸಂಗತಿ ಪೂರ್ತಿ ಬಿಟ್ಟುಹೋಗುತ್ತದೆ, ಪಾಲಕರಿಗೆ ಹೇಳಬೇಕಾದದ್ದೇ ಅದು ಅಲ್ವಾ? ‘ಆಕ್ರಮಣ’ವೇ ಸರಿ. ‘ಅಗ್ರೆಶನ್’ ಒಳಗಿನ ಲ್ಯಾಟಿನ್ ‘ಗ್ರಾಡಿ’ ಅಂದರೂ ಹೆಜ್ಜೆ ಇಡು, ‘ಆಕ್ರಮಣ’ದ ಒಳಗಿನ ಸಂಸ್ಕೃತದ ‘ಕ್ರಮ್’ ಅಂದರೂ ಹೆಜ್ಜೆ ಇಡು. ಇಷ್ಟು ಚಂದ ಕೂಡಿಬಂದ ಜೋಡಿ ಇನ್ನೊಂದು ತೋರಿಸಿ.

— ಪಾಲಕರಿಗೆ ಲ್ಯಾಟಿನ್ ಪಾಠ ಬೇಕಿಲ್ಲ. ಮೊದಲು ಸಂಸ್ಕೃತ ಬಿಡಿ. ‘ಮೈಮೇಲೆ ಏರಿ ಬಂದ’ ಅಂತ ದಿನಾ ಆಡುತ್ತೇವೆ. ‘ಏರಿಕೆ’ ಅನ್ನಿ.

— ‘ಏರಿಕೆ’ ಅಂದರೆ ಈರುಳ್ಳಿ ರೇಟು ಅಂದುಕೊಳ್ಳುತ್ತಾರೆ. ಸಂಸ್ಕೃತ ಬಿಡಿ ಅನ್ನೋರು ಒಮ್ಮೆ ಬಾದಾಮಿಗೆ ಹೋಗಿ ಕಪ್ಪೆ ಅರಭಟ್ಟನ ಶಾಸನ ನೋಡಿ ಬನ್ನಿ. ಸುಮಾರು 700ರ ಹೊತ್ತಿನ ತ್ರಿಪದಿ. ನೋವು ಕೊಡುವವನಿಗೆ ಅಲ್ಲಿ ‘ಬಾಧಿಪ್ಪ’ ಅಂತ ಬಂದಿದೆ. ಬಾಧೆ ಸಂಸ್ಕೃತದ್ದು, ಕೊನೆಗೆ ಹತ್ತಿದ ‘ಇಪ್ಪ’ ಅನ್ನುವ ಬಾಲ ನಮ್ಮ ಕನ್ನಡದ್ದು. ಅವರು ಕೂಡಿಸಿ ಕಲ್ಲಿನಲ್ಲಿ ಕೆತ್ತಿದ್ದಾರೆ, ಇವರಿಗೆ ಫ್ಲೆಕ್ಸ್ ಮೇಲೂ ಬೇಡವಂತೆ. ಕೇಳಿದವರಿಗೆ: ಬ್ಯಾನರಿಗೆ ಪದವೇ ಬೇಡ, ‘ಮಕ್ಕಳು ಯಾಕೆ ಇನ್ನೊಬ್ಬರಿಗೆ ನೋವು ಮಾಡುತ್ತಾರೆ?’ ಅಂತ ಹಾಕಿ. ‘ಆಕ್ರಮಣಶೀಲತೆ’ ಒಳಗಿನ ಹಾಳೆಗಿರಲಿ.

— ಅದೇ ಶಾಸನದಲ್ಲಿ ‘ಕಟ್ಟಿದ’, ‘ಕೆಟ್ಟರ್’, ‘ಸತ್ತರ್’ ಅಂತ ಅಚ್ಚಗನ್ನಡ ಪದಗಳೂ ಇವೆ. ಅವು ಮಾತ್ರ ಕಾಣಲಿಲ್ವಾ?